ಹಳೆಯ ಕಾರಿನ ಚೆಕ್ ಎಂಜಿನ್ ದೀಪ ಮತ್ತು 650 ರೂಪಾಯಿಯ ಅಡಾಪ್ಟರ್: ಹದಿನಾಲ್ಕು ತಿಂಗಳ ಬಳಕೆಯ ವಿಮರ್ಶೆ

ಈ ವಿಮರ್ಶೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯ ಕುರಿತಾದದ್ದು. ಇಎಲ್‌ಎಂ327 ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಬ್ಲೂಟೂತ್ ಅಡಾಪ್ಟರನ್ನು ಕಳೆದ ವರ್ಷದ ಜುಲೈ ತಿಂಗಳಲ್ಲಿ 650 ರೂಪಾಯಿ ಕೊಟ್ಟು ತರಿಸಿಕೊಂಡೆ. ಸ್ಟಿಯರಿಂಗ್ ಕೆಳಗಿರುವ 16 ಪಿನ್ನುಗಳ ಸಾಕೆಟ್ಟಿಗೆ ಇದನ್ನು ಸಿಕ್ಕಿಸಿ, ಮೊಬೈಲಿನ ಆ್ಯಪ್ ಒಂದರ ಜೊತೆ ಜೋಡಿಸಿದರೆ, ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟುಕೊಂಡಿರುವ ದೋಷದ ಕೋಡ್‌ಗಳನ್ನೂ, ಆ ಕ್ಷಣದಲ್ಲಿ ಸೆನ್ಸರ್‌ಗಳು ಕಳಿಸುತ್ತಿರುವ ಅಳತೆಗಳನ್ನೂ ಓದಬಹುದು. ನಾನು ಇದನ್ನು ಬಳಸುತ್ತಿರುವುದು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ, 2014ರ ಮಾದರಿಯ, ಈಗ 1,40,000 ಕಿ.ಮೀ. ಸಮೀಪಿಸಿರುವ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರಿನಲ್ಲಿ. ನಾನು ಮೆಕ್ಯಾನಿಕ್ ಅಲ್ಲ. ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ, ಮಲ್ಟಿಮೀಟರ್ ಹಿಡಿಯಲು ಬರುತ್ತದೆ, ಅಷ್ಟೇ. ಹಳೆಯ ಗಾಡಿಯನ್ನು ಇಟ್ಟುಕೊಂಡು ಪ್ರತಿ ಬಾರಿ ಎಂಜಿನ್ನಿನಲ್ಲಿ ಏನೋ ದೋಷವಿದೆಯೆಂದು ಸೂಚಿಸುವ ಹಳದಿ ಚೆಕ್ ಎಂಜಿನ್ ದೀಪ ಹೊತ್ತಿದಾಗಲೂ ಎದೆ ಧಸಕ್ಕೆನ್ನುವ ನನ್ನಂಥವರಿಗೆ ಈ ವಸ್ತು ಎಷ್ಟರಮಟ್ಟಿಗೆ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಅನುಭವದಿಂದ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳಲು ಕಾರಣವಾದ ಘಟನೆಯಿಂದಲೇ ಆರಂಭಿಸಬೇಕು. ಆ ಮಳೆಗಾಲದಲ್ಲಿ ಎರಡು ವಾರ ಕಾರನ್ನು ಮನೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ್ದೆವು. ಮತ್ತೆ ಹೊರತೆಗೆದ ದಿನ ದೀಪ ಹೊತ್ತಿತು. ಜೊತೆಗೆ, ಬೆಳಗಿನ ತಣ್ಣನೆಯ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗತೊಡಗಿತು, ಸೈಲೆನ್ಸರಿನಿಂದ ಪೆಟ್ರೋಲ್ ವಾಸನೆ ಬರುತ್ತಿತ್ತು. ಹತ್ತಿರದ ಗ್ಯಾರೇಜೊಂದಕ್ಕೆ ಒಯ್ದೆ. ಅಲ್ಲಿಯ ಹುಡುಗ ಸ್ಕ್ಯಾನರ್ ಹಾಕಿ, ಪರದೆಯ ಮೇಲೆ ಮೂಡಿದ ಪಿ0118 ಎಂಬ ಕೋಡನ್ನು ತೋರಿಸಿ, "ಕೂಲೆಂಟ್ ಸೆನ್ಸರ್ ಹೋಗಿದೆ ಸರ್, ಹೊಸದು ಹಾಕಿದ್ರೆ ಸರಿಯಾಗುತ್ತೆ" ಎಂದ. ಕೂಲೆಂಟ್ ಎಂದರೆ ಎಂಜಿನ್ನನ್ನು ತಣ್ಣಗಿಡುವ ದ್ರವ, ಅದರ ಉಷ್ಣತೆಯನ್ನು ಅಳೆಯುವುದು ಆ ಸೆನ್ಸರ್. ಬಿಡಿಭಾಗ, ಕೂಲೆಂಟ್, ಕೂಲಿ ಎಲ್ಲ ಸೇರಿ 1,450 ರೂಪಾಯಿ ಆಯಿತು. ಕೋಡ್ ಅಳಿಸಿದ್ದರಿಂದ ದೀಪ ಆರಿತು. ಮರುದಿನ ಬೆಳಿಗ್ಗೆ ಅದೇ ದೀಪ, ಅದೇ ಫ್ಯಾನ್.

ಆ ಹುಡುಗನದು ಮೋಸವೆಂದು ನಾನು ಅಂದೂ ಭಾವಿಸಲಿಲ್ಲ, ಇಂದೂ ಭಾವಿಸುವುದಿಲ್ಲ. ಕೋಡಿನ ಪಕ್ಕದಲ್ಲಿ ಕೂಲೆಂಟ್ ಸೆನ್ಸರಿನ ಹೆಸರಿತ್ತು, ಅವನು ಸೆನ್ಸರ್ ಬದಲಾಯಿಸಿದ. ಆದರೆ ಪಿ0118 ಹೇಳುವುದು ಸೆನ್ಸರ್ ಕೆಟ್ಟಿದೆಯೆಂದಲ್ಲ. ಆ ಸೆನ್ಸರಿನ ಸರ್ಕ್ಯೂಟಿನಿಂದ ಕಂಪ್ಯೂಟರಿಗೆ ತಲುಪುತ್ತಿರುವ ವೋಲ್ಟೇಜು ಇರಬೇಕಾದ್ದಕ್ಕಿಂತ ಹೆಚ್ಚಾಗಿದೆ ಎಂದಷ್ಟೇ ಅದರ ಅರ್ಥ. ಕೋಡ್ ಎಂಬುದು ಕಂಪ್ಯೂಟರ್ ಬರೆದುಕೊಂಡ ದೂರು. ದೂರು ಎಲ್ಲಿಂದ ಬಂತೆಂದು ಅದು ತಿಳಿಸುತ್ತದೆ. ತಪ್ಪು ಸೆನ್ಸರಿನದೋ, ವೈರಿನದೋ, ಕನೆಕ್ಟರಿನದೋ ಎಂದು ತನಿಖೆ ಮಾಡುವ ಕೆಲಸ ಮನುಷ್ಯನಿಗೇ ಉಳಿಯುತ್ತದೆ. ಅಡಾಪ್ಟರಿನ ಬೆಲೆಯನ್ನು ನಾನು ಅಳೆಯುವುದು ಕೋಡ್ ಓದುವ ಶಕ್ತಿಯಿಂದಲ್ಲ, ಆ ತನಿಖೆಗೆ ಅದು ಎಷ್ಟು ನೆರವಾಗುತ್ತದೆ ಎಂಬುದರಿಂದ.

ಅಡಾಪ್ಟರ್ ಬಂದ ದಿನ ಮೊದಲು ನೋಡಿದ್ದು ಕೂಲೆಂಟಿನ ಉಷ್ಣತೆಯನ್ನು. ಪರದೆಯ ಮೇಲೆ ಮೈನಸ್ 40 ಡಿಗ್ರಿ ಸೆಲ್ಸಿಯಸ್ ಎಂದು ಮೂಡಿತು. ಜುಲೈ ತಿಂಗಳ ಶಿವಮೊಗ್ಗದಲ್ಲಿ, ಹತ್ತು ನಿಮಿಷ ಓಡಿಸಿ ನಿಲ್ಲಿಸಿದ ಎಂಜಿನ್ನಿನಲ್ಲಿ, ಮೈನಸ್ 40. ಈ ಒಂದು ಸಂಖ್ಯೆ ಕೋಡಿಗಿಂತ ಎಷ್ಟೋ ಹೆಚ್ಚು ವಿಷಯ ತಿಳಿಸುತ್ತದೆ. ಕೂಲೆಂಟ್ ಸೆನ್ಸರ್ ಒಂದು ಥರ್ಮಿಸ್ಟರ್. ಬಿಸಿಯಾದಂತೆ ಅದರ ರೋಧ ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ಕೋಣೆಯ ಉಷ್ಣತೆಯಲ್ಲಿ ಎರಡು ಮೂರು ಸಾವಿರ ಓಮ್‌ನಷ್ಟಿರುವ ರೋಧ, 80 ಡಿಗ್ರಿಯ ಹೊತ್ತಿಗೆ ಮುನ್ನೂರರ ಆಸುಪಾಸಿಗೆ ಬರುತ್ತದೆ. ಸರ್ಕ್ಯೂಟ್ ಎಲ್ಲಿಯಾದರೂ ತುಂಡಾಗಿದ್ದರೆ ರೋಧ ಅನಂತವಾದಂತೆ, ಕಂಪ್ಯೂಟರಿಗೆ ತಲುಪುವ ವೋಲ್ಟೇಜು ಗರಿಷ್ಠವಾಗುತ್ತದೆ, ತನ್ನ ಪಟ್ಟಿಯಲ್ಲಿರುವ ಅತ್ಯಂತ ಕಡಿಮೆ ಉಷ್ಣತೆಯನ್ನು ಅದು ತೋರಿಸುತ್ತದೆ. ಎಂಜಿನ್ ಹಿಮಗಟ್ಟಿದೆಯೆಂದು ನಂಬಿ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಅಳತೆ ನಂಬಲರ್ಹವಲ್ಲವೆಂದು ತಿಳಿದೊಡನೆ ಎಂಜಿನ್ ಸುಟ್ಟುಹೋಗದಿರಲೆಂದು ಫ್ಯಾನನ್ನು ಓಡಿಸುತ್ತದೆ. ನಮ್ಮ ಕಾರಿನ ಮೂರೂ ಲಕ್ಷಣಗಳಿಗೆ ಒಂದೇ ವಿವರಣೆ ಸಿಕ್ಕಿತು.

ಇನ್ನು ಉಳಿದದ್ದು ಸುಲಭದ ಪರೀಕ್ಷೆ. ಸೆನ್ಸರಿನ ಕನೆಕ್ಟರನ್ನು ಕಳಚಿ, ವೈರಿನ ಕಡೆಯ ಎರಡು ಟರ್ಮಿನಲ್‌ಗಳನ್ನು ಸಣ್ಣ ತಂತಿಯ ತುಂಡಿನಿಂದ ಕೂಡಿಸಿ, ಆ್ಯಪ್ ನೋಡಬೇಕು. ವೈರಿಂಗ್ ಸರಿಯಿದ್ದರೆ ಉಷ್ಣತೆ ಮೈನಸ್ 40ರಿಂದ ಒಮ್ಮೆಲೇ 120 ಡಿಗ್ರಿಗೂ ಮೇಲಕ್ಕೆ ಜಿಗಿಯುತ್ತದೆ, ಆಗ ತಪ್ಪು ಸೆನ್ಸರಿನದು. ಜಿಗಿಯದಿದ್ದರೆ ವೈರು ಎಲ್ಲೋ ತುಂಡಾಗಿದೆ. ನಮ್ಮಲ್ಲಿ ಸಂಖ್ಯೆ ಅಲುಗಾಡಲಿಲ್ಲ. ಬ್ಯಾಟರಿ ಕೂರಿಸುವ ತಟ್ಟೆಯನ್ನು ತೆಗೆದಾಗ, ಅದರ ಕೆಳಗೆ ಹಾದುಹೋಗುವ ವೈರಿನ ಗೊಂಚಲಿನ ಮೇಲೆ ಇಲಿಯ ಹಿಕ್ಕೆಗಳೂ, ಹಲ್ಲಿನ ಗುರುತುಗಳೂ, ಪೂರ್ತಿ ಕಡಿದುಹೋದ ಒಂದು ವೈರೂ ಕಂಡವು. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ತೊಡಿಸಿದ್ದಕ್ಕೆ ಬಸ್ ನಿಲ್ದಾಣದ ಬಳಿಯ ಆಟೋ ಎಲೆಕ್ಟ್ರಿಷಿಯನ್ ತೆಗೆದುಕೊಂಡದ್ದು 120 ರೂಪಾಯಿ. ಮಲೆನಾಡಿನಲ್ಲಿ ಮಳೆಗಾಲ ಕಾರು ನಿಲ್ಲಿಸುವವರಿಗೆ ಇದು ಹೊಸ ವಿಷಯವೇನಲ್ಲ. ಬಾನೆಟ್ಟಿನ ಒಳಗೆ ಹೊಗೆಸೊಪ್ಪಿನ ಗಂಟು ಇಡುವವರನ್ನು ನೀವೂ ನೋಡಿರುತ್ತೀರಿ. ಆದರೆ ದೀಪ ಹೊತ್ತಿದೊಡನೆ ಇಲಿಯನ್ನು ನೆನೆಯುವವರು ಕಡಿಮೆ. ಮಳೆಗಾಲದಲ್ಲಿ ಯಾವುದೇ ಸೆನ್ಸರಿನ ಸರ್ಕ್ಯೂಟ್ ಕೋಡ್ ಬಂದರೂ, ಹೊಸ ಸೆನ್ಸರ್ ಕೊಳ್ಳುವ ಮೊದಲು ಟಾರ್ಚ್ ಹಿಡಿದು ವೈರುಗಳನ್ನು ನೋಡಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಈಗ ವಸ್ತುವಿನ ಬಗ್ಗೆ. ಮೂಲ ಇಎಲ್‌ಎಂ327 ಚಿಪ್ಪನ್ನು ರೂಪಿಸಿದ್ದು ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆ. ಅದು 2022ರಲ್ಲಿ ಬಾಗಿಲು ಮುಚ್ಚಿತು. ಅದರ ಮೊದಲ ಆವೃತ್ತಿಯ ಪ್ರೋಗ್ರಾಮಿಗೆ ನಕಲು ತಡೆಯುವ ರಕ್ಷಣೆ ಇರಲಿಲ್ಲವಾದ್ದರಿಂದ ಅದರ ನಕಲುಗಳು ಜಗತ್ತಿನಾದ್ಯಂತ ಹರಡಿದವು. ನನ್ನ ಅಡಾಪ್ಟರಿನ ಮೇಲೆ ಆವೃತ್ತಿ 1.5 ಎಂದು ಅಚ್ಚಾಗಿದೆ. ಮೂಲ ಸಂಸ್ಥೆ ಆ ಸಂಖ್ಯೆಯ ಆವೃತ್ತಿಯನ್ನು ಹೊರತಂದೇ ಇರಲಿಲ್ಲ. ಎಂದರೆ ಈ ಬೆಲೆಯಲ್ಲಿ ಸಿಗುವುದೆಲ್ಲ ನಕಲೇ, ಮತ್ತು ಒಂದೇ ಬಣ್ಣದ ಎರಡು ಪೆಟ್ಟಿಗೆಗಳ ಒಳಗಿನ ಗುಣಮಟ್ಟ ಒಂದೇ ಇರುತ್ತದೆಂಬ ಭರವಸೆ ಇಲ್ಲ. ನಾನು ಮೊದಲು ತರಿಸಿದ ಅಡಾಪ್ಟರ್ ಮೊಬೈಲಿಗೆ ಜೋಡಿಯಾಗುತ್ತಿತ್ತು, ಕಾರಿನೊಂದಿಗೆ ಮಾತಾಡುತ್ತಿರಲಿಲ್ಲ. ಹಿಂದಿರುಗಿಸಿ ಬೇರೆ ಮಾರಾಟಗಾರರಿಂದ ತರಿಸಿದ್ದೇ ಈಗ ಕೆಲಸ ಮಾಡುತ್ತಿರುವುದು. ಹಿಂದಿರುಗಿಸುವ ಅವಕಾಶ ಇರುವಲ್ಲಿ ಮಾತ್ರ ಕೊಳ್ಳಿ, ಬಂದ ದಿನವೇ ಪರೀಕ್ಷಿಸಿ.

ಜೋಡಣೆ ಕಷ್ಟವಲ್ಲ. ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಮೊಬೈಲಿನ ಬ್ಲೂಟೂತಿನಲ್ಲಿ ಅಡಾಪ್ಟರನ್ನು ಹುಡುಕಿ, 1234 ಅಥವಾ 0000 ಎಂಬ ಪಿನ್ ಕೊಟ್ಟರಾಯಿತು. ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾರ್ಕ್ ಮತ್ತು ಕಾರ್ ಸ್ಕ್ಯಾನರ್ ಎಂಬ ಎರಡು ಆ್ಯಪ್‌ಗಳನ್ನು ಬಳಸಿ ನೋಡಿದ್ದೇನೆ. ಗ್ರಾಫ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಲು ಎರಡನೆಯದು ನನಗೆ ಹೆಚ್ಚು ಅನುಕೂಲವಾಯಿತು. ಐಫೋನ್ ಇರುವವರು ಈ ಹಳೆಯ ಬಗೆಯ ಬ್ಲೂಟೂತ್ ಅಡಾಪ್ಟರನ್ನು ಕೊಳ್ಳಬಾರದು. ಅವರಿಗೆ ಬ್ಲೂಟೂತ್ ಲೋ ಎನರ್ಜಿ ಅಥವಾ ವೈಫೈ ಇರುವ ಮಾದರಿಯೇ ಬೇಕು. ನನ್ನ ಅಡಾಪ್ಟರಿನ ವೇಗ ಸಾಧಾರಣ: ಆರು ಅಳತೆಗಳನ್ನು ಒಟ್ಟಿಗೆ ಕೇಳಿದರೆ ಪ್ರತಿಯೊಂದೂ ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಉಷ್ಣತೆಗೆ, ಮುಂದೆ ವಿವರಿಸುವ ಫ್ಯೂಯೆಲ್ ಟ್ರಿಮ್ಮಿಗೆ ಅದು ಸಾಕು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿನ ಚುರುಕಾದ ಏರಿಳಿತ ನೋಡಬೇಕೆಂದರೆ ಉಳಿದ ಐದನ್ನೂ ಮುಚ್ಚಬೇಕಾಗುತ್ತದೆ.

ಎರಡನೆಯ ಬಾರಿ ದೀಪ ಹೊತ್ತಿದ ಸಂದರ್ಭವನ್ನು ಬೇಗ ಹೇಳಿ ಮುಗಿಸುತ್ತೇನೆ. ಫೆಬ್ರವರಿಯಲ್ಲಿ ಕಾರು ತೊಳೆಸಿದ ಮರುದಿನ ಭದ್ರಾವತಿಯ ದಾರಿಯಲ್ಲಿ ಎಂಜಿನ್ ನಡುಗತೊಡಗಿತು, ದೀಪ ಈ ಬಾರಿ ಸ್ಥಿರವಾಗಿ ಹೊತ್ತಿರದೆ ಮಿನುಗುತ್ತಿತ್ತು. ಈ ವ್ಯತ್ಯಾಸವನ್ನು ಪ್ರತಿಯೊಬ್ಬ ಚಾಲಕನೂ ತಿಳಿದಿರಬೇಕು. ಸ್ಥಿರ ದೀಪವಿದ್ದರೆ, ಉಷ್ಣತೆ ಮತ್ತು ಆಯಿಲ್ ದೀಪ ಸರಿಯಾಗಿದ್ದಲ್ಲಿ, ನಿಧಾನವಾಗಿ ಮನೆ ತಲುಪಬಹುದು. ಮಿನುಗುವ ದೀಪ ಎಂದರೆ ಉರಿಯದ ಪೆಟ್ರೋಲ್, ಹೊಗೆಯ ವಿಷಾನಿಲಗಳನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಸುಡುತ್ತಿದೆ ಎಂದರ್ಥ, ಆದ್ದರಿಂದ ಆದಷ್ಟು ಬೇಗ ನಿಲ್ಲಿಸಬೇಕು. ನಿಲ್ಲಿಸಿ ಓದಿದಾಗ ಬಂದದ್ದು ಪಿ0301, ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಎಂದರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ನಮ್ಮ ಎಂಜಿನ್ನಿನಲ್ಲಿ ಪ್ರತಿ ಪ್ಲಗ್ಗಿಗೂ ಕಿಡಿಗೆ ಬೇಕಾದ ವಿದ್ಯುತ್ ಒದಗಿಸುವ ಪ್ರತ್ಯೇಕ ಇಗ್ನಿಷನ್ ಕಾಯಿಲ್ ಇರುವುದರಿಂದ, ಒಂದನೆಯ ಮತ್ತು ಮೂರನೆಯ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ಸ್ವಲ್ಪ ಹೊತ್ತು ಸ್ಟಾರ್ಟ್‌ನಲ್ಲಿಟ್ಟೆ. ಕೋಡ್ ಪಿ0303 ಆಗಿ ಮರಳಿ ಬಂತು. ಕಾಯಿಲ್ ಹೋದಲ್ಲೇ ದೋಷವೂ ಹೋಯಿತೆಂದ ಮೇಲೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಇವುಗಳ ಬಗ್ಗೆ ಅನುಮಾನ ಪಡಬೇಕಾದ್ದೇ ಇರಲಿಲ್ಲ. ಕಾಯಿಲಿನ ಮೈಮೇಲೆ ಕೂದಲೆಳೆಯಷ್ಟು ಬಿರುಕಿತ್ತು, ನೀರಿಳಿದು ಕಿಡಿ ಪಕ್ಕಕ್ಕೆ ಹಾರುತ್ತಿತ್ತು.

ಮೂರನೆಯ ಸಂದರ್ಭ ನಿಜಕ್ಕೂ ಕಲಿಸಿದ್ದು. ಮೇ ತಿಂಗಳಲ್ಲಿ ಉಡುಪಿಗೆ ಹೋಗಿ ಹಿಂದಿರುಗುವಾಗ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವ ತಿರುವುಗಳಲ್ಲಿ ಕಾರು ಎಂದಿನಂತೆ ಎಳೆಯುತ್ತಿರಲಿಲ್ಲ, ಘಾಟಿ ದಾಟಿ ತೀರ್ಥಹಳ್ಳಿಯ ಕಡೆ ಏರಿಳಿತದ ರಸ್ತೆಯಲ್ಲಿ ಬರುತ್ತಿದ್ದಾಗ ದೀಪ ಹೊತ್ತಿತು. ಕೋಡ್ ಪಿ0171: ಮಿಶ್ರಣ ಲೀನ್ ಆಗಿದೆ, ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಹಳೆಯ ಕಾರುಗಳಲ್ಲಿ ಈ ಕೋಡ್ ಬಂದಾಗ ಅತಿ ಹೆಚ್ಚು ಬಾರಿ ವ್ಯರ್ಥವಾಗಿ ಬದಲಾಗುವ ವಸ್ತು ಆಕ್ಸಿಜನ್ ಸೆನ್ಸರ್ ಎಂದು ನನ್ನ ಭಾವನೆ, ಏಕೆಂದರೆ ಲೀನ್ ಎಂದು ಸುದ್ದಿ ಮುಟ್ಟಿಸಿದ್ದು ಅದೇ. ಸುದ್ದಿ ತಂದವನನ್ನು ಬದಲಾಯಿಸಿದರೆ ಸುದ್ದಿ ಬದಲಾಗುವುದಿಲ್ಲ.

ಇಲ್ಲಿ ಅಡಾಪ್ಟರಿನ ಎರಡು ಸೌಲಭ್ಯಗಳು ಕೆಲಸಕ್ಕೆ ಬಂದವು. ಮೊದಲನೆಯದು ಫ್ರೀಜ್ ಫ್ರೇಮ್. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು ಎಂಬುದರ ಒಂದು ಚಿತ್ರವನ್ನು ಕಂಪ್ಯೂಟರ್ ಉಳಿಸಿಕೊಂಡಿರುತ್ತದೆ. ನಮ್ಮದರಲ್ಲಿ ಇದ್ದದ್ದು: ಎಂಜಿನ್ ವೇಗ 2,600 ಆರ್‌ಪಿಎಂ, ಗಾಡಿಯ ವೇಗ 38 ಕಿ.ಮೀ., ಲೋಡ್ (ಎಂಜಿನ್ನಿನ ಮೇಲಿನ ಭಾರ) ಶೇ. 62, ಕೂಲೆಂಟ್ 92 ಡಿಗ್ರಿ. ಎಂದರೆ ಬಿಸಿಯಾದ ಎಂಜಿನ್, ಕೆಳ ಗೇರು, ಏರುದಾರಿ. ದೀಪ ಆರಿಸಲೆಂದು ಬ್ಯಾಟರಿಯ ಟರ್ಮಿನಲ್ ಕಳಚಿಡುವ ಅಭ್ಯಾಸ ಹಲವು ಕಡೆ ಇದೆ. ಹಾಗೆ ಮಾಡಿದರೆ ಕೋಡಿನ ಜೊತೆಗೆ ಈ ಅಮೂಲ್ಯ ಸಾಕ್ಷ್ಯವೂ ಅಳಿಸಿಹೋಗುತ್ತದೆ. ದಯವಿಟ್ಟು ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆಮೇಲೆ ಬೇರೆ ಮಾತು.

ಎರಡನೆಯದು ಫ್ಯೂಯೆಲ್ ಟ್ರಿಮ್. ಆಕ್ಸಿಜನ್ ಸೆನ್ಸರಿನ ಮಾತು ಕೇಳಿ ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕೆ ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಎಂಬುದನ್ನು ಶೇಕಡಾದಲ್ಲಿ ತೋರಿಸುವ ಅಳತೆ ಇದು. ಶಾರ್ಟ್ ಟರ್ಮ್ ಕ್ಷಣಕ್ಷಣದ ತಿದ್ದುಪಡಿ, ಲಾಂಗ್ ಟರ್ಮ್ ಕಲಿತು ನೆನಪಿಟ್ಟುಕೊಂಡ ತಿದ್ದುಪಡಿ. ಎರಡೂ ಸೇರಿ ಹತ್ತರೊಳಗಿದ್ದರೆ ಚಿಂತೆಯಿಲ್ಲ. ಇಪ್ಪತ್ತು ದಾಟಿ ಇಪ್ಪತ್ತೈದರತ್ತ ಹೋದಾಗ ಸಾಮಾನ್ಯವಾಗಿ ಪಿ0171 ದಾಖಲಾಗುತ್ತದೆ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಮೊಬೈಲಿನ ಸಂಖ್ಯೆಗಳನ್ನು ಬರೆದುಕೊಳ್ಳುತ್ತ, ನಾನು ಓಡಿಸುತ್ತ ಒಂದು ಗಂಟೆ ಸುತ್ತಿದೆವು. ಚಾಲಕನೇ ಮೊಬೈಲ್ ನೋಡುವುದು ಅಪಾಯ, ಯಾರೂ ಹಾಗೆ ಮಾಡಬಾರದು. ಐಡಲ್‌ನಲ್ಲಿ, ಎಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ, ಲಾಂಗ್ ಟರ್ಮ್ 8, ಸಮತಟ್ಟಾದ ರಸ್ತೆಯಲ್ಲಿ 13, ಮೂರನೇ ಗೇರಿನಲ್ಲಿ ಏರು ಹತ್ತುವಾಗ 21, ಅದರ ಮೇಲೆ ಶಾರ್ಟ್ ಟರ್ಮ್ ಮತ್ತೊಂದು ಐದಾರು.

ಈ ಏರಿಕೆಯ ದಿಕ್ಕೇ ಉತ್ತರದ ದಿಕ್ಕು. ಒಳಹೋಗುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವ ಕಾರುಗಳಲ್ಲಿ, ಆ ಸೆನ್ಸರಿನ ಆಚೆ ಎಲ್ಲಿಯಾದರೂ ಗಾಳಿ ಸೋರಿ ಒಳಬಂದರೆ ಟ್ರಿಮ್ ಐಡಲ್‌ನಲ್ಲಿ ಅತಿ ಹೆಚ್ಚಿದ್ದು, ವೇಗ ಹೆಚ್ಚಿದಂತೆ ಇಳಿಯುತ್ತದೆ. ನಮ್ಮ ಕಾರಿನಂತೆ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಒತ್ತಡದಿಂದ ಗಾಳಿಯನ್ನು ಲೆಕ್ಕ ಹಾಕುವ ಎಂಜಿನ್ನುಗಳಲ್ಲಿ ಸೋರಿ ಬಂದ ಗಾಳಿಯೂ ಬಹುಮಟ್ಟಿಗೆ ಲೆಕ್ಕಕ್ಕೆ ಸೇರಿಬಿಡುವುದರಿಂದ, ಟ್ರಿಮ್ ಏರುವುದಕ್ಕಿಂತ ಐಡಲ್ ವೇಗ ಏರುವ ಸಂಭವ ಹೆಚ್ಚು. ಇಂಗ್ಲಿಷಿನಲ್ಲಿ ಸಿಗುವ ಹೆಚ್ಚಿನ ಸಲಹೆಗಳು ಈ ಎರಡು ಬಗೆಯ ಎಂಜಿನ್ನುಗಳನ್ನು ಬೇರ್ಪಡಿಸದೆ ನೇರವಾಗಿ ಗಾಳಿ ಸೋರಿಕೆ ಹುಡುಕಿ ಎನ್ನುತ್ತವೆ. ನಾನೂ ಒಂದು ಭಾನುವಾರವಿಡೀ ಹೋಸ್‌ಗಳನ್ನು ತಡಕಾಡಿದ್ದೆ. ಎಂಜಿನ್ ಕೇಳುವ ಪೆಟ್ರೋಲ್ ಹೆಚ್ಚಾದಂತೆ ಕೊರತೆಯೂ ಹೆಚ್ಚಾಗುತ್ತಿದೆಯೆಂದರೆ ಪೂರೈಕೆಯೇ ಸಾಲುತ್ತಿಲ್ಲ ಎಂದರ್ಥ. ಪಂಪು, ಫಿಲ್ಟರು, ಅಥವಾ ಇಂಜೆಕ್ಟರು.

ಬರೆದುಕೊಂಡ ಹಾಳೆಯನ್ನು ಹಿಡಿದು ನಮ್ಮ ಹಳೆಯ ಮೆಕ್ಯಾನಿಕ್ ಬಳಿಗೆ ಹೋದೆ. ಅವರು ಹಾಳೆಯನ್ನು ಎರಡು ಸಲ ಓದಿ, "ಹಾಗಾದ್ರೆ ಮೊದ್ಲು ಪ್ರೆಷರ್ ನೋಡೋಣ ಸರ್, ಆಮೇಲೆ ಟ್ಯಾಂಕ್ ಬಿಚ್ಚೋಣ" ಎಂದರು. ಮೂರು ಬಾರ್ ಇರಬೇಕಾದಲ್ಲಿ ಗೇಜು ತೋರಿಸಿದ್ದು 2.4. ಹಿಂದಿನ ಸೀಟಿನ ಕೆಳಗಿನ ಮುಚ್ಚಳ ತೆಗೆದು ಪಂಪಿನ ಮಾಡ್ಯೂಲನ್ನು ಮೇಲೆತ್ತಿದರೆ, ತಳದ ಜಾಲರಿ ಕಪ್ಪು ಕೆಸರಿನಿಂದ ಮುಚ್ಚಿಹೋಗಿತ್ತು, ಫಿಲ್ಟರ್ ಕೂಡ ಹಾಗೆಯೇ. ಎರಡನ್ನೂ ಬದಲಾಯಿಸಿದ ಮೇಲೆ ಗೇಜಿನ ಮುಳ್ಳು ಮೂರಕ್ಕೆ ಬಂತು. ಪಂಪು ಚೆನ್ನಾಗಿಯೇ ಇತ್ತು. ಅದನ್ನು ಬದಲಾಯಿಸಬೇಡಿ ಎಂದು ಅವರೇ ಹೇಳಿದರು. ಅಡಾಪ್ಟರ್ ಗ್ಯಾರೇಜಿಗೆ ಬದಲಿಯಲ್ಲ. ಪೆಟ್ರೋಲಿನ ಒತ್ತಡ ಅಳೆಯುವ ಗೇಜು ನನ್ನ ಬಳಿ ಇಲ್ಲ, ಪೆಟ್ರೋಲ್ ಲೈನ್ ಬಿಚ್ಚುವ ಧೈರ್ಯ ನಾನು ಮಾಡುವುದೂ ಇಲ್ಲ, ಮಾಡಬಾರದು ಕೂಡ. ಆದರೆ ಎಲ್ಲಿಂದ ಹುಡುಕಬೇಕೆಂಬ ಅರ್ಧ ದಾರಿಯನ್ನು ಮನೆಯಲ್ಲೇ ಕ್ರಮಿಸಿಕೊಂಡು ಹೋಗಿದ್ದರಿಂದ, ಒಳ್ಳೆಯ ಮೆಕ್ಯಾನಿಕ್‌ಗೂ ಕೆಲಸ ಹಗುರವಾಯಿತು.

ರಿಪೇರಿಯಾದ ನಂತರವೂ ಟ್ರಿಮ್ ಸೊನ್ನೆಗೆ ಬರಲಿಲ್ಲ; ಐಡಲ್‌ನಲ್ಲಿ 5, ಏರಿನಲ್ಲಿ 7 ಇದೆ. ಇದಕ್ಕೆ ಕಾರಣ ಎಂಜಿನ್ನಿನಲ್ಲಿಲ್ಲ, ಬಂಕಿನಲ್ಲಿದೆ ಎಂಬುದು ನನ್ನ ತೀರ್ಮಾನ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು, ಈಗ ನಮ್ಮೂರಿನ ಬಂಕುಗಳಲ್ಲಿ ಸಿಗುವುದು ಅದೇ. ಒಂದು ಗ್ರಾಂ ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಥನಾಲಿಗೆ 9 ಗ್ರಾಂ ಸಾಕು, ಏಕೆಂದರೆ ಅದರ ಅಣುವಿನ ತೂಕದಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚು ಭಾಗ ಆಮ್ಲಜನಕವೇ ಆಗಿದೆ. ಇ20ಕ್ಕೆ ಈ ಅನುಪಾತ ಸುಮಾರು 13.5. ಅಂದರೆ ಅದೇ ಗಾಳಿಗೆ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ, ಶೇ. 8ರಿಂದ 9ರಷ್ಟು ಹೆಚ್ಚು ಇಂಧನ ಬೇಕು. ಹಳೆಯ ಲೆಕ್ಕದ ಎಂಜಿನ್ ಕಂಪ್ಯೂಟರ್ ಈ ವ್ಯತ್ಯಾಸವನ್ನು ಟ್ರಿಮ್ಮಿನ ಮೂಲಕವೇ ತುಂಬಿಕೊಳ್ಳಬೇಕು. ಇದು ಸ್ವತಃ ದೋಷವಲ್ಲ, ದೀಪ ಹೊತ್ತಿಸುವಷ್ಟೂ ಅಲ್ಲ. ಆದರೆ ತಿದ್ದಿಕೊಳ್ಳಲು ಇದ್ದ ಅವಕಾಶದ ಒಂದು ಪಾಲು ಮೊದಲೇ ಖರ್ಚಾಗಿರುವುದರಿಂದ, ಹಿಂದೆ ಗೊತ್ತೇ ಆಗದಂತೆ ಉಳಿಯುತ್ತಿದ್ದ ಸಣ್ಣ ಕೊರತೆ, ಅರೆಬರೆ ಕಟ್ಟಿಕೊಂಡ ಫಿಲ್ಟರು, ಈಗ ಬೇಗ ಪಿ0171 ಆಗಿ ಹೊರಬೀಳುತ್ತದೆ. ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರು, ಎಲ್ಲವೂ ಸರಿಯಿರುವಾಗಲೇ ತಮ್ಮ ಕಾರಿನ ಟ್ರಿಮ್ ಎಷ್ಟಿರುತ್ತದೆಂದು ಒಮ್ಮೆ ಬರೆದಿಟ್ಟುಕೊಳ್ಳಬೇಕು. ಜ್ವರ ಬಂದಿದೆಯೇ ಎಂದು ತಿಳಿಯಬೇಕಾದರೆ ಆರೋಗ್ಯವಾಗಿದ್ದಾಗಿನ ಮೈಬಿಸಿ ಗೊತ್ತಿರಬೇಕಲ್ಲ.

ಕುಂದುಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಸಾಕೆಟ್ಟಿನ 16ನೇ ಪಿನ್ನಿಗೆ ಕೀಲಿ ತೆಗೆದ ಮೇಲೂ ಬ್ಯಾಟರಿಯ ವಿದ್ಯುತ್ ಬರುತ್ತಲೇ ಇರುತ್ತದೆ. ನನ್ನ ಅಡಾಪ್ಟರ್ ಸುಮ್ಮನೆ ಇದ್ದಾಗಲೂ 45 ಮಿಲಿಆಂಪಿಯರ್ ಎಳೆಯುವುದನ್ನು ಮೀಟರಿನಲ್ಲಿ ಅಳೆದಿದ್ದೇನೆ. ದಿನಕ್ಕೆ ಒಂದು ಆಂಪಿಯರ್ ಅವರ್‌ಗಿಂತ ತುಸು ಹೆಚ್ಚು. ಹತ್ತು ದಿನ ಮರೆತು ಊರಿಗೆ ಹೋದರೆ 35 ಆಂಪಿಯರ್ ಅವರ್‌ನ ಬ್ಯಾಟರಿಯಲ್ಲಿ ಸುಮಾರು ಮೂರನೇ ಒಂದು ಭಾಗ ಖಾಲಿ. ಕೆಲಸವಾದ ಮೇಲೆ ಕಳಚಿಡುವುದೊಂದೇ ದಾರಿ. ದುಬಾರಿ ಅಡಾಪ್ಟರ್‌ಗಳಲ್ಲಿ ತಾನಾಗಿ ನಿದ್ದೆಗೆ ಹೋಗುವ ವ್ಯವಸ್ಥೆ ಇರುತ್ತದೆ, ಇದರಲ್ಲಿಲ್ಲ. ಏರ್‌ಬ್ಯಾಗ್ ದೀಪ, ಎಬಿಎಸ್ ದೀಪ ಹೊತ್ತಿದರೆ ಈ ಅಡಾಪ್ಟರ್ ಮತ್ತು ಸಾಮಾನ್ಯ ಆ್ಯಪ್‌ಗಳಿಂದ ಏನೂ ತಿಳಿಯುವುದಿಲ್ಲ. ಪಿ1 ಎಂದು ಆರಂಭವಾಗುವ ಕೋಡ್‌ಗಳು ಆಯಾ ತಯಾರಕರ ಸ್ವಂತದವಾದ್ದರಿಂದ, ಆ್ಯಪ್ ಕೊಡುವ ಅರ್ಥ ಬೇರೆ ಕಂಪನಿಯ ಕಾರಿನದಾಗಿರಬಹುದು. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ಲನ್ನೇ ನಂಬಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಿತಿ ಕಾರಿನ ವಯಸ್ಸು. ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್4 ನಿಯಮ ಜಾರಿಗೆ ಬಂದದ್ದು 2010ರ ಏಪ್ರಿಲಿನಲ್ಲಿ, ಅದರೊಂದಿಗೆ ಕಾರುಗಳಿಗೆ, ತಮ್ಮ ದೋಷವನ್ನು ತಾವೇ ಗುರುತಿಸಿ ದಾಖಲಿಸುವ ಒಬಿಡಿ ವ್ಯವಸ್ಥೆಯ ಮೊದಲ ಹಂತವೂ ಬಂತು. ಎರಡನೆಯ ಹಂತ 2013ರ ಏಪ್ರಿಲಿನಿಂದ. ಇಡೀ ದೇಶಕ್ಕೆ ಬಿಎಸ್4 ಕಡ್ಡಾಯವಾದದ್ದು 2017ರಲ್ಲಿ. ಆದ್ದರಿಂದ 2013ರ ನಂತರದ ಬಿಎಸ್4 ಕಾರಾದರೆ ನಿರಾತಂಕವಾಗಿ ಕೊಳ್ಳಬಹುದು; 2010ಕ್ಕೆ ಹಿಂದಿನದಾದರೆ ಅದೃಷ್ಟದ ಮಾತು. ಸಾಗರದಲ್ಲಿರುವ ನಮ್ಮ ಅಣ್ಣನ 2006ರ ಕಾರಿನಲ್ಲಿ ಇದೇ 16 ಪಿನ್ನಿನ ಸಾಕೆಟ್ ಇದೆ, ಅಡಾಪ್ಟರಿನ ಕೆಂಪು ದೀಪವೂ ಹೊತ್ತುತ್ತದೆ, ಆದರೆ ಸಂಪರ್ಕ ಸಾಧ್ಯವಾಗಲಿಲ್ಲವೆಂಬ ಸಂದೇಶದ ಹೊರತು ಬೇರೇನೂ ಬರುವುದಿಲ್ಲ. ಸಾಕೆಟ್ಟಿನ ಆಕಾರ ಒಂದೇ ಆದರೂ ಒಳಗೆ ಆಡುವ ಭಾಷೆ ತಯಾರಕರದ್ದೇ. "ನಿನ್ನ ಮಿಷನ್ನಿಗೆ ನನ್ನ ಗಾಡಿ ಮಾತು ತಿಳಿಯಲ್ಲ ಕಣೋ" ಎಂದ ಅಣ್ಣ. ಅಂಥ ಕಾರುಗಳಿಗೆ ಹಲವು ಕಂಪನಿಗಳ ಭಾಷೆ ಬಲ್ಲ ಗ್ಯಾರೇಜಿನ ಸ್ಕ್ಯಾನರೇ ಬೇಕು. ಅದಕ್ಕೂ ಹಿಂದಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ ಇರುವ) ಕಾರುಗಳಲ್ಲಿ ಡಯಾಗ್ನೋಸಿಸ್ ಕನೆಕ್ಟರಿನ ಎರಡು ಟರ್ಮಿನಲ್‌ಗಳನ್ನು ತಂತಿಯಿಂದ ಕೂಡಿಸಿ, ದೀಪ ಮಿನುಗುವುದನ್ನು ಎಣಿಸುವ ಪದ್ಧತಿ ಇತ್ತು. ಸುಝುಕಿ ಎಂಜಿನ್ನುಗಳಲ್ಲಿ ಒಂದು ಮಿನುಗು, ಬಿಡುವು, ಮತ್ತೆರಡು ಮಿನುಗು, ಅಂದರೆ ಕೋಡ್ 12, ಬಂದರೆ ದೋಷವೇನೂ ಇಲ್ಲವೆಂದು ಅರ್ಥ. ಅಡಾಪ್ಟರ್ ಇಲ್ಲದೆ ಅಷ್ಟು ತಿಳಿಯುತ್ತಿತ್ತು ಎಂಬುದು ನನಗೆ ಈಗಲೂ ಸೋಜಿಗ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರಿಗೆ ಈ ಅಡಾಪ್ಟರ್ ಇನ್ನೊಂದು ರೀತಿಯಲ್ಲಿ ನೆರವಾಗುತ್ತದೆ. ದೀಪ ಆರಿಸಿದ ಮಾತ್ರಕ್ಕೆ ಕಾರು ಚೆನ್ನಾಗಿದೆ ಎಂದಲ್ಲ. ಕೋಡ್ ಅಳಿಸಿದಾಗ ಕಂಪ್ಯೂಟರ್ ತನ್ನ ಸ್ವಪರೀಕ್ಷೆಗಳ ಫಲಿತಾಂಶಗಳನ್ನೂ ಅಳಿಸಿಕೊಳ್ಳುತ್ತದೆ, ರೆಡಿನೆಸ್ ಪಟ್ಟಿಯಲ್ಲಿ ಅವು ಅಪೂರ್ಣವೆಂದು ಕಾಣುತ್ತವೆ. ಬಹಳಷ್ಟು ಕಾರುಗಳಲ್ಲಿ ಕೋಡ್ ಅಳಿಸಿದ ನಂತರ ಓಡಿದ ದೂರವನ್ನೂ ಆ್ಯಪ್ ತೋರಿಸುತ್ತದೆ. ಮಾರುವವರು ಯಾವ ತೊಂದರೆಯೂ ಇಲ್ಲವೆಂದು ಹೇಳುತ್ತಿರುವಾಗ ಆ ದೂರ 6 ಕಿ.ಮೀ. ಎಂದಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ. ನನ್ನ ಸಹೋದ್ಯೋಗಿಯೊಬ್ಬರು ಇದೇ ಕಾರಣಕ್ಕೆ ಒಂದು ಕಾರನ್ನು ಬಿಟ್ಟುಬಂದರು.

ಕೊಳ್ಳುವುದಾದರೆ ಇದರ ಜೊತೆಗೆ ಒಂದು ಮಲ್ಟಿಮೀಟರನ್ನೂ ಕೊಳ್ಳಿ. ಸೆನ್ಸರಿಗೆ ವೋಲ್ಟೇಜು ತಲುಪುತ್ತಿದೆಯೇ, ವೈರು ಅಖಂಡವಾಗಿದೆಯೇ ಎಂದು ನೋಡದೆ ಕೋಡನ್ನಷ್ಟೇ ಓದಿದರೆ, ನನ್ನ 1,450 ರೂಪಾಯಿಯ ಹಾಗೆ ನಿಮ್ಮದೂ ಹೋಗಬಹುದು. ವಾರಕ್ಕೊಮ್ಮೆ ಬಳಸುವವರು, ಅಥವಾ ನಾಲ್ಕಾರು ಕಾರು ನೋಡಿಕೊಳ್ಳುವವರು, ಹೆಚ್ಚು ಬೆಲೆಯ ಒಳ್ಳೆಯ ಅಡಾಪ್ಟರಿಗೆ ಹೋಗುವುದು ಲೇಸು. ಒಂದೇ ಹಳೆಯ ಕಾರಿನ ಮಾಲೀಕರಿಗೆ ಇದು ಸಾಕು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಅಂಕ ಬ್ಯಾಟರಿ ಹೀರುವುದಕ್ಕೆ ಮತ್ತು ಮೊದಲ ಅಡಾಪ್ಟರ್ ಕೆಲಸವೇ ಮಾಡದಿದ್ದುದಕ್ಕೆ.

ಈ ವಾರ ಪೆಂಡಿಂಗ್ ಪಟ್ಟಿಯಲ್ಲಿ, ಎಂದರೆ ಇನ್ನೂ ಖಚಿತವಾಗದ ದೋಷಗಳ ಪಟ್ಟಿಯಲ್ಲಿ, ಹೊಸದೊಂದು ಕೋಡ್ ಕಾಣಿಸಿದೆ, ದೀಪ ಇನ್ನೂ ಹೊತ್ತಿಲ್ಲ. ಪಿ0420, ಕ್ಯಾಟಲಿಟಿಕ್ ಕನ್ವರ್ಟರಿನ ದಕ್ಷತೆ ಕಡಿಮೆಯಾಗಿದೆ ಎಂಬ ದೂರು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಆ ಭಾಗ ನಮ್ಮ ಇಡೀ ವರ್ಷದ ಸರ್ವಿಸ್ ಖರ್ಚಿಗಿಂತ ದುಬಾರಿ. ಫೆಬ್ರವರಿಯ ಮಿಸ್‌ಫೈರ್ ಅದಕ್ಕೆ ಪೆಟ್ಟು ಕೊಟ್ಟಿರಲೂಬಹುದು. ಆದರೆ ಕನ್ವರ್ಟರಿನ ಆಚೆ ಇರುವ ಎರಡನೇ ಆಕ್ಸಿಜನ್ ಸೆನ್ಸರಿಗೆ ಸ್ವಲ್ಪ ಮುಂಚೆ, ಸೈಲೆನ್ಸರ್ ಪೈಪುಗಳು ಕೂಡುವ ಫ್ಲಾಂಜಿನ ಸುತ್ತ ಕಪ್ಪು ಮಸಿಯ ಗೆರೆ ಕಂಡಿದ್ದೇನೆ. ಅಲ್ಲಿ ಗ್ಯಾಸ್ಕೆಟ್ ಹೋಗಿ ಹೊರಗಿನ ಗಾಳಿ ಒಳಸೇರುತ್ತಿದ್ದರೂ ಇದೇ ಕೋಡ್ ಬರುತ್ತದೆ. ಶನಿವಾರ ನಮ್ಮ ಮೆಕ್ಯಾನಿಕ್ ಆ ಫ್ಲಾಂಜನ್ನು ಬಿಚ್ಚಿ ನೋಡುತ್ತಾರೆ. ಅಲ್ಲಿಯವರೆಗೆ ಕನ್ವರ್ಟರಿನ ಬೆಲೆ ವಿಚಾರಿಸುವುದಿಲ್ಲ.